ಏಳನೇ ಪಾಠದ ನಂತರ

೨೦೦೪ರ ಸೆಪ್ಟೆಂಬರ್ ೧೬, ಗುರುವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೆಂಗಸೊಬ್ಬರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಹೆಸರು ಅಲಮೇಲು, ವಯಸ್ಸು ಐವತ್ತೊಂದು, ವಾಸ ಶಂಕರಪುರಂ. ಭೂಮಾಪನ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕೈಯಲ್ಲಿ ಕಂದು ಬಣ್ಣದ ಅಂಚೆ ಲಕೋಟೆ ಇತ್ತು.

ಹೆಡ್ ಕಾನ್ಸ್‌ಟೇಬಲ್ ಅಂಜನಪ್ಪ ಕುರ್ಚಿ ತೋರಿಸಿ ಕೇಳಿದ. “ಏನಮ್ಮ, ಏನಾದ್ರೂ ಕಳೆದುಹೋಯ್ತಾ?”

“ಕಳೆದುಹೋಗಿದ್ದಲ್ಲ. ವಾಪಸ್ ಬಂದಿರೋದು.”

ಲಕೋಟೆಯೊಳಗೆ ಒಂದು ಸಿ.ಡಿ. ಇತ್ತು. ಮೇಲೆ ನೀಲಿ ಮಾರ್ಕರಿನಲ್ಲಿ ‘ಇತಿಹಾಸ’ ಎಂದು ಬರೆದಿತ್ತು. ಪತ್ರವಿಲ್ಲ, ಕಳಿಸಿದವರ ಹೆಸರಿಲ್ಲ. ಅಕ್ಷರ ತನ್ನ ಮಗಳು ಸುಪ್ರಜಾಳದು ಎಂದು ಅಲಮೇಲು ಹೇಳಿದರು. ಸುಪ್ರಜಾ ತೀರಿಕೊಂಡು ಹದಿಮೂರು ತಿಂಗಳಾಗಿತ್ತು.

ಇನ್ಸ್‌ಪೆಕ್ಟರ್ ಸಿದ್ದಬಸಪ್ಪ ಆಕೆಯನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಕಡಿಮೆ ಮಾತಿನ ಮನುಷ್ಯ. ಎದುರಿಗಿದ್ದವರು ಮುಗಿಸುವವರೆಗೂ ಪೆನ್ನು ಎತ್ತುತ್ತಿರಲಿಲ್ಲ.

“ಹೇಗೆ ತೀರಿಕೊಂಡ್ರು?”

“ಆಕ್ಸಿಡೆಂಟು. ಹೋದ ವರ್ಷ ಆಗಸ್ಟ್ ಹನ್ನೆರಡು. ಬೆಳಗಿನ ಜಾವ ಚಾಮರಾಜಪೇಟೆ ಹಾಸ್ಟೆಲ್‌ಗೆ ಹೋಗ್ತಿದ್ಲು. ಪಂಪಮಹಾಕವಿ ರಸ್ತೇಲಿ ಯಾರೋ ಗುದ್ದಿ ಹೊರಟುಹೋದ್ರು.”

“ಹಾಸ್ಟೆಲ್‌ಗೆ ಯಾಕೆ?”

“ಕಣ್ಣು ಕಾಣದ ಹುಡುಗೀರ ಹಾಸ್ಟೆಲ್ ಅದು. ಅವರಿಗೆ ಪಾಠದ ಪುಸ್ತಕ ಓದಿ ಕಂಪ್ಯೂಟರಲ್ಲಿ ರೆಕಾರ್ಡ್ ಮಾಡಿ ಕೊಡ್ತಿದ್ಲು. ಎಂಟು ಗಂಟೆಗೆ ಅವಳು ಟೀಚರಾಗಿದ್ದ ಸ್ಕೂಲು ಶುರು, ಅದಕ್ಕೇ ಬೇಗ ಹೋಗ್ತಿದ್ಲು.”

“ಸಿ.ಡಿ. ಹಾಕಿ ಕೇಳಿದ್ರಾ?”

“ನಿನ್ನೆ ಸಾಯಂಕಾಲ ಅವಳ ಕಂಪ್ಯೂಟರಲ್ಲೇ ಹಾಕಿದೆ. ಅವಳು ಏಳು ಪಾಠ ಓದ್ತಾಳೆ. ಎಂಟನೇದು ಬೇರೆ ಯಾರೋ ಓದ್ತಾರೆ. ಗಂಡಸು.”

ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡರು. ಹತ್ತು ಐವತ್ತಕ್ಕೆ ಅರ್ಜಿ ನೋಂದಣಿಯಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಅಲಮೇಲು ಅವರ ಮನೆಯಲ್ಲಿ ಪಂಚನಾಮೆ ಶುರುವಾಯಿತು. ತಾಂತ್ರಿಕ ವಿಷಯ ತಿಳಿದವರು ಬೇಕೆಂದು ಬಸವನಗುಡಿಯ ಇಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕಿ ದೀಪ್ತಿಯನ್ನು ಕರೆಸಿದ್ದರು. ಸುಪ್ರಜಾಳ ಕೋಣೆ ಚಿಕ್ಕದು. ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಮೈಕು. ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯನ್ನು ಅಲಮೇಲು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

ದೀಪ್ತಿ ಮೊದಲ ಫೈಲು ಹಾಕಿದಳು. ಇಪ್ಪತ್ತಾರು ವರ್ಷದ ಹುಡುಗಿಯ ದನಿ, ಅವಸರವಿಲ್ಲದ್ದು. ದ್ವಿತೀಯ ಪಿಯುಸಿ ಇತಿಹಾಸ, ಒಂದನೇ ಪಾಠ. ನಾಲ್ಕು ನಿಮಿಷವಾಗುವಷ್ಟರಲ್ಲಿ ಹಿಂದೆ ಕುಕ್ಕರ್ ಕೂಗಿತು. ಆಮೇಲೆ ದೂರದಿಂದ ಹೆಂಗಸೊಬ್ಬರು, “ಸುಪ್ರಜಾ, ಕಾಫಿ ಆರ್ತಿದೆ ಕಣೇ,” ಅಂದರು. ಓದುತ್ತಿದ್ದ ದನಿ ತಡೆದು, “ಬಂದೆ ಇರಮ್ಮ,” ಅಂದು ಮತ್ತೆ ಮುಂದುವರಿಯಿತು.

ಅಂಜನಪ್ಪ ತಿರುಗಿ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಕೂಗಿದ ಅಲಮೇಲು ಅವನ ಪಕ್ಕದಲ್ಲೇ ಬಾಗಿಲು ಹಿಡಿದುಕೊಂಡು ನಿಂತಿದ್ದರು.

“ಇದನ್ನ ನಾನು ಕರೆದಿದ್ದು ನೆನಪೇ ಇಲ್ಲ,” ಅಂದರು ಆಕೆ. “ದಿನಾ ಕರೀತಿದ್ನಲ್ಲ.”

ಸಿದ್ದಬಸಪ್ಪ ದೀಪ್ತಿಯನ್ನು ಕೇಳಿದರು. “ಇದು ಅಸಲಿನದಾ, ಕಾಪಿ ಮಾಡಿದ್ದಾ?”

“ಅಸಲಿನದೇ ಸಾರ್. ನೋಡಿ, ಸಿ.ಡಿ.ಗೆ ಎಲ್ಲಾ ಒಂದೇ ಸಲ ಬರೀಬೇಕು ಅಂತಿಲ್ಲ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಸೇರಿಸ್ತಾ ಹೋಗ್ಬಹುದು. ಒಂದೊಂದು ಸಲ ಬರೆದಿದ್ದಕ್ಕೆ ಒಂದೊಂದು ಸೆಷನ್. ಇವರು ಪಾಠಕ್ಕೊಂದು ಸೆಷನ್ ಮಾಡಿದಾರೆ, ಪ್ರತಿಯೊಂದಕ್ಕೂ ಪಾಠ ಒಂದು, ಪಾಠ ಎರಡು ಅಂತ ಹೆಸರು ಕೊಟ್ಟಿದಾರೆ. ಏಳನೇದು ಬರೆದಿದ್ದು ಹೋದ ವರ್ಷ ಆಗಸ್ಟ್ ಹನ್ನೊಂದು, ಸಂಜೆ ಏಳು ಇಪ್ಪತ್ತು.”

“ಸಾಯೋ ಹಿಂದಿನ ದಿನ.”

“ಹೌದು. ಎಂಟನೇ ಸೆಷನ್‌ಗೆ ಹೆಸರೇ ಇಟ್ಟಿಲ್ಲ. ಹಾಗೆ ಬಿಟ್ರೆ ಸಾಫ್ಟ್‌ವೇರು ತಾನೇ ತಾರೀಖು, ಟೈಮು ಹಾಕ್ಬಿಡುತ್ತೆ. ಈ ಸೆಪ್ಟೆಂಬರ್ ಹನ್ನೆರಡು, ಮಧ್ಯಾಹ್ನ ಮೂರು ನಲವತ್ತು. ಅದ್ರಲ್ಲಿ ಎಂಟು, ಒಂಬತ್ತು, ಹತ್ತು, ಮೂರೂ ಪಾಠ ಇದೆ. ಆಮೇಲೆ ಡಿಸ್ಕನ್ನ ಫೈನಲೈಸ್ ಮಾಡಿದಾರೆ.”

“ಹಾಗಂದ್ರೆ?”

“ಮುಚ್ಚಿಬಿಟ್ಟಿದಾರೆ. ಇನ್ನು ಒಂದಕ್ಷರಾನೂ ಸೇರಿಸಕ್ಕಾಗಲ್ಲ.”

“ಕಂಪ್ಯೂಟರ್ ಗಡಿಯಾರ ತಪ್ಪಿದ್ರೆ?”

ಉತ್ತರ ಲಕೋಟೆಯ ಮೇಲೇ ಇತ್ತು. ಬಸವನಗುಡಿ ಅಂಚೆ ಕಚೇರಿಯ ಮುದ್ರೆ, ಸೆಪ್ಟೆಂಬರ್ ೧೩. ಭಾನುವಾರ ಮುಚ್ಚಿದ್ದನ್ನು ಸೋಮವಾರ ಅಂಚೆಗೆ ಹಾಕಿದ್ದರು.

ದೀಪ್ತಿ ಇನ್ನೊಂದು ವಿಷಯ ಗಮನಿಸಿದಳು. ಗಂಡಸಿನ ದನಿಯ ಮೂರು ಫೈಲುಗಳಿಗೂ ಬೇರೆ ಬೇರೆ ತಾರೀಖು. ಎಂಟನೇ ಪಾಠ ಮಾರ್ಚಿನದು, ಒಂಬತ್ತು ಜೂನಿನದು, ಹತ್ತನೇದು ಅಂಚೆಗೆ ಹಾಕುವ ಮೂರು ದಿನ ಮೊದಲಿನದು. ಸುಪ್ರಜಾ ಏಳು ಪಾಠಗಳನ್ನು ಹತ್ತು ದಿನದಲ್ಲಿ ಓದಿದ್ದಳು. ಈತ ಮೂರು ಪಾಠಕ್ಕೆ ಆರು ತಿಂಗಳು ತೆಗೆದುಕೊಂಡಿದ್ದ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಸಿದ್ದಬಸಪ್ಪ ಅದನ್ನು ಕೇಸ್ ಡೈರಿಯಲ್ಲಿ ಗುರುತು ಹಾಕಿಕೊಂಡರು.

ಅಂದು ಸಂಜೆ ಸಂಚಾರ ಠಾಣೆಯಿಂದ ಹಳೆಯ ಕಡತ ಬಂತು. ಅಪರಾಧ ಸಂಖ್ಯೆ ೨೧೪/೨೦೦೩. ಅಜಾಗರೂಕ ಚಾಲನೆಯಿಂದ ಸಾವು, ಗಾಯಾಳುವನ್ನು ಬಿಟ್ಟು ಪರಾರಿ. ಆರೋಪಿ ಅಪರಿಚಿತ. ಪತ್ತೆಯಾಗದ ಪ್ರಕರಣವೆಂದು ಫೆಬ್ರವರಿಯಲ್ಲಿ ‘ಸಿ’ ರಿಪೋರ್ಟ್ ಹೋಗಿತ್ತು. ಸುಪ್ರಜಾ ಮನೆ ಬಿಟ್ಟದ್ದು ಐದು ಮುಕ್ಕಾಲಿಗೆ. ಹಾಲು ಹಾಕುವವನು ರಸ್ತೆ ಬದಿಯಲ್ಲಿ ಅವಳನ್ನು ಕಂಡದ್ದು ಆರು ಇಪ್ಪತ್ತೈದಕ್ಕೆ. ಆಸ್ಪತ್ರೆಯಲ್ಲಿ ಸಾವು ಎಂಟು ಐದಕ್ಕೆ, ರಕ್ತಸ್ರಾವದಿಂದ. ಸ್ಥಳದಲ್ಲಿ ಸಿಕ್ಕಿದ್ದು ಹೆಡ್‌ಲೈಟಿನ ಗಾಜಿನ ಚೂರುಗಳು ಮತ್ತು ಸ್ಕೂಟರಿನದೆಂದು ಕಾಣುವ ಹಸಿರು ಬಣ್ಣದ ಚಕ್ಕೆ. ಮೃತಳ ವಸ್ತುಗಳು: ಒಂದು ಕೈಗಡಿಯಾರ, ಒಂದು ಜೊತೆ ಓಲೆ, ಒಂದು ಛತ್ರಿ.

“ಬ್ಯಾಗು ಇಲ್ಲ,” ಅಂದರು ಸಿದ್ದಬಸಪ್ಪ.

ಮರುದಿನ, ೧೭ರಂದು, ಹಾಸ್ಟೆಲಿನಲ್ಲಿ ಸೌಂದರ್ಯಾ ಎಂಬ ವಿದ್ಯಾರ್ಥಿನಿಯ ಹೇಳಿಕೆ ಪಡೆದರು. ಈಗ ಬಿ.ಎ. ಓದುತ್ತಿದ್ದಳು. ಹೋದ ವರ್ಷ ಆ ಇತಿಹಾಸ ಪುಸ್ತಕ ಅವಳ ತರಗತಿಯದಾಗಿತ್ತು.

“ಅಕ್ಕ ಒಂದೇ ಸಿ.ಡಿ. ತರ್ತಿದ್ರು ಸಾರ್. ಇಲ್ಲಿನ ಕಂಪ್ಯೂಟರಿಗೆ ಹಾಕಿ ಕೊಟ್ಟು, ವಾಪಸ್ ತಗೊಂಡು ಹೋಗಿ, ಇನ್ನೊಂದು ಪಾಠ ಸೇರಿಸ್ಕೊಂಡು ಬರ್ತಿದ್ರು.”

“ನಿಮಗೆ ಎಷ್ಟು ಪಾಠ ಸಿಕ್ತು?”

“ಆರು. ಏಳನೇದು ತರ್ತೀನಿ ಅಂದಿದ್ರು. ನಾವು ಬಾಗಿಲ ಹತ್ರಾನೇ ಕೂತಿದ್ವಿ ಆವತ್ತು.”

“ಬ್ಯಾಗ್ ಇರ್ತಿತ್ತಾ ಅವರ ಹತ್ರ?”

“ಬಟ್ಟೆ ಚೀಲ. ಅದ್ರಲ್ಲಿ ಸಿ.ಡಿ., ಪುಸ್ತಕ. ಚೀಲಕ್ಕೆ ಗೆಜ್ಜೆ ಕಟ್ಟಿದ್ರು, ಬರ್ತಿದೀನಿ ಅಂತ ನಮಗೆ ಗೊತ್ತಾಗ್ಲಿ ಅಂತ.”

ಹೊರಗೆ ಬಂದ ಮೇಲೆ ಇನ್ಸ್‌ಪೆಕ್ಟರ್ ಜೀಪಿಗೆ ಒರಗಿ ನಿಂತರು. ಏಳನೇ ಪಾಠ ಬರೆದದ್ದು ಹನ್ನೊಂದರ ಸಂಜೆ. ಹನ್ನೆರಡರ ಬೆಳಿಗ್ಗೆ ಅದು ಹಾಸ್ಟೆಲ್ ತಲುಪಲಿಲ್ಲ, ಮನೆಯಲ್ಲೂ ಇರಲಿಲ್ಲ. ರಸ್ತೆಯಲ್ಲಿ ಅವಳ ಚೀಲದಲ್ಲೇ ಇತ್ತು. ಹಾಗಾದರೆ ಅದನ್ನು ಕಳಿಸಿದವನು ಆ ನಲವತ್ತು ನಿಮಿಷದೊಳಗೆ ಅವಳ ಪಕ್ಕದಲ್ಲಿ ನಿಂತಿದ್ದವನು. ಹಳೆಯ ಪ್ರಕರಣದ ಹೆಚ್ಚಿನ ತನಿಖೆಗೆ ಅಂದೇ ಮೇಲಧಿಕಾರಿಗಳಿಗೂ ನ್ಯಾಯಾಲಯಕ್ಕೂ ಬರೆದರು.

ದನಿಯನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಶನಿವಾರವಿಡೀ ಠಾಣೆಯಲ್ಲಿ ಅದು ಓಡಿತು. ಏಳನೇ ಪಾಠದ ಕೊನೆಗೆ ಸುಪ್ರಜಾ ಪುಸ್ತಕ ಮುಚ್ಚಿದ ಸದ್ದು, “ಎಂಟನೇ ಪಾಠ ನಾಳೆ ಓದ್ತೀನಿ, ಆಯ್ತಾ,” ಎಂಬ ಮಾತು. ಎರಡು ಕ್ಷಣ ಮೌನ. ಆಮೇಲೆ ಗಂಟಲು ಸರಿಮಾಡಿಕೊಂಡು ಆ ಗಂಡಸಿನ ದನಿ, “ಎಂಟನೇ ಪಾಠ.” ನಡುವೆ ಏಳು ತಿಂಗಳು ಕಳೆದಿತ್ತು. ಕೇಳುವವರಿಗೆ ಮಾತ್ರ ಒಂದೇ ಕೋಣೆಯಲ್ಲಿ ಇಬ್ಬರೂ ಕೂತು, ಒಬ್ಬಳು ಎದ್ದ ಜಾಗದಲ್ಲಿ ಇನ್ನೊಬ್ಬ ಕೂತಂತೆ ಅನ್ನಿಸುತ್ತಿತ್ತು. ರೈಟರ್ ಕೆಲಸ ಮಾಡುತ್ತಿದ್ದ ಮಹಿಳಾ ಪೇದೆ ಗಂಗರತ್ನಮ್ಮ, “ಆ ಜಾಗ ಬಂದಾಗ ಸ್ವಲ್ಪ ನಿಲ್ಲಿಸಿ ಸಾರ್, ಮೈ ಜುಂ ಅನ್ನುತ್ತೆ,” ಎಂದಳು. ಸಿದ್ದಬಸಪ್ಪನವರಿಗೂ ಅದು ಬಿಡಲಿಲ್ಲ. ಭಾನುವಾರ ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವಾಗ, ಯಾರೋ ಹಿಂದೆ ಗಂಟಲು ಸರಿಮಾಡಿಕೊಂಡಂತಾಗಿ ತಿರುಗಿ ನೋಡಿದರು.

ಗಂಡಸಿನ ಓದು ವಿಚಿತ್ರವಾಗಿತ್ತು. ಶುದ್ಧ ಉಚ್ಚಾರಣೆ, ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಆದರೆ ಅಲ್ಲಲ್ಲಿ ತಡವರಿಸಿ ನಿಲ್ಲುತ್ತಿದ್ದ. ಆಗ ಕಾಗದ ಮೈಕಿಗೆ ತಾಗುವಷ್ಟು ಹತ್ತಿರ ಬಂದ ಸದ್ದು. ಮತ್ತೆ, ವಾಕ್ಯದ ಕೊನೆಯಲ್ಲಿ ಬಾಯೊಳಗೇ ಏನೋ ಗೊಣಗುತ್ತಿದ್ದ.

ಆ ಗೊಣಗಾಟ ಹಿಡಿದದ್ದು ಅಂಜನಪ್ಪ. ಸೋಮವಾರ ಬೆಳಿಗ್ಗೆ ಕಿವಿ ಟೇಪ್‌ರೆಕಾರ್ಡರಿಗೆ ಇಟ್ಟು ಕೇಳುತ್ತಿದ್ದವನು ಕೈ ಎತ್ತಿದ.

“ಸಾರ್, ‘ಪ್ಯಾರಾ’ ಅಂತಿದಾನೆ.”

“ಏನು?”

“ಒಂದು ಭಾಗ ಮುಗಿದಾಗೆಲ್ಲ ‘ಪ್ಯಾರಾ’ ಅಂತಾನೆ. ಮಧ್ಯ ಮಧ್ಯ ‘ಕಾಮಾ’. ನಮ್ಮಣ್ಣ ಪ್ರೆಸ್ಸಲ್ಲಿದ್ದ ಸಾರ್. ಅಲ್ಲಿ ಪ್ರೂಫ್ ನೋಡೋವಾಗ ಒಬ್ಬ ಹೀಗೇ ಜೋರಾಗಿ ಓದೋದು, ಇನ್ನೊಬ್ಬ ತಿದ್ದೋದು. ಇವನು ಪ್ರೆಸ್ಸಿನವನು. ಎಷ್ಟು ಬೇಡ ಅಂದ್ಕೊಂಡ್ರೂ ಬಾಯಿಗೆ ಬಂದ್ಬಿಡುತ್ತೆ.”

ಪಂಪಮಹಾಕವಿ ರಸ್ತೆಯ ಸುತ್ತಮುತ್ತ ಮುದ್ರಣಾಲಯಗಳಿಗೆ ಕೊರತೆ ಇರಲಿಲ್ಲ. ಪುಟ ಕಟ್ಟುವ ಕಂಪ್ಯೂಟರು, ಸಿ.ಡಿ. ಬರೆಯುವ ಯಂತ್ರ ಅಷ್ಟರಲ್ಲಿ ಎಲ್ಲ ಕಡೆಯೂ ಬಂದಿದ್ದವು. ಇಬ್ಬರೂ ಮಫ್ತಿಯಲ್ಲಿ ಹೊರಟರು. ಮೂರು ಕಡೆ ಏನೂ ಸಿಗಲಿಲ್ಲ. ನಾಲ್ಕನೆಯ ಮುದ್ರಣಾಲಯವನ್ನು ನಡೆಸುತ್ತಿದ್ದವರು ದಾಕ್ಷಾಯಣಮ್ಮ ಎಂಬ ಅರವತ್ತರ ಹೆಂಗಸು. ಯಂತ್ರ ನಿಲ್ಲಿಸಿ ಅರ್ಧ ನಿಮಿಷ ಕ್ಯಾಸೆಟ್ ಕೇಳಿದರು.

“ಇದು ನಮ್ಮ ಆತ್ರೇಯ ಅಲ್ವಾ. ಯಾಕೆ, ರೇಡಿಯೋದಲ್ಲಿ ಓದ್ತಿದಾರಾ?”

“ಇಲ್ಲಿ ಕೆಲಸ ಮಾಡ್ತಾರಾ?”

“ಇಪ್ಪತ್ತೆರಡು ವರ್ಷ ಪ್ರೂಫ್ ನೋಡಿದ್ರು. ಈ ಜನವರೀಲಿ ಬಿಟ್ರು. ಕಣ್ಣು ಹೋಗ್ತಿದೆ ಪಾಪ. ಒಳಗೊಳಗೇ ಒತ್ತಡ ಜಾಸ್ತಿಯಾಗೋ ಕಾಯಿಲೆಯಂತೆ. ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನೇ ತಪ್ಪು ಜಾಸ್ತಿ ಬರ್ತಿದೆ ಅಂತ ಕೇಳಿದ ಮೇಲೆ ಹೇಳಿದ್ದು. ಹೋಗೋವಾಗ ನಮ್ಮ ಹಳೇ ಕಂಪ್ಯೂಟರ್ ಇಟ್ಕೊಳ್ಳಿ ಅಂತ ಕೊಟ್ಟೆ. ಅಕ್ಷರ ದೊಡ್ಡದು ಮಾಡ್ಕೊಂಡು ಓದ್ಬಹುದಲ್ಲ.”

“ಸ್ಕೂಟರ್ ಇತ್ತಾ ಅವರ ಹತ್ರ?”

“ಇತ್ತು. ಹಸಿರು ಬಣ್ಣದ್ದು. ಹೋದ ವರ್ಷ ಮಾರ್ಬಿಟ್ರು.” ಅಷ್ಟು ಹೇಳಿ ಆಕೆ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಕೇಳಿದ ಯಾವ ಪ್ರಶ್ನೆಗೂ ಉದ್ದನೆಯ ಉತ್ತರ ಕೊಡಲಿಲ್ಲ.

ಸಾರಿಗೆ ಕಚೇರಿಯ ದಾಖಲೆಯಿಂದ ಸ್ಕೂಟರ್ ಕೊಂಡವರು ಗೊತ್ತಾದರು. ಸಂಜೆಯೊಳಗೆ ಅದು ಠಾಣೆಯ ಅಂಗಳಕ್ಕೆ ಬಂತು. ಹೆಡ್‌ಲೈಟು ಹೊಸದು. ಮುಂಭಾಗದ ಬಣ್ಣ ಮತ್ತೆ ಹೊಡೆದದ್ದು. ಅದರಡಿಯ ಹಳೆಯ ಹಸಿರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು.

ಸೆಪ್ಟೆಂಬರ್ ೨೧, ಮಂಗಳವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಇನ್ಸ್‌ಪೆಕ್ಟರ್, ಅಂಜನಪ್ಪ, ದೀಪ್ತಿ ಮತ್ತು ಇಬ್ಬರು ಪಂಚರು ಚಾಮರಾಜಪೇಟೆಯ ಒಂದು ವಠಾರಕ್ಕೆ ಹೋದರು. ಬಾಗಿಲು ತೆರೆದವರು ಆತ್ರೇಯನ ಹೆಂಡತಿ ಗೋದಾ. ಹಿಂದಿನಿಂದ ಆತ್ರೇಯ ಬಂದ. ನಲವತ್ತಾರು ವರ್ಷ, ಸಣಕಲು ಮೈ, ದಪ್ಪ ಕನ್ನಡಕ. ಯಾರು ಬಂದಿದ್ದಾರೆಂದು ಕಾಣಲು ತಲೆಯನ್ನು ಪಕ್ಕಕ್ಕೆ ವಾಲಿಸಿದ.

“ಪೊಲೀಸರು,” ಅಂದರು ಸಿದ್ದಬಸಪ್ಪ.

“ಬನ್ನಿ.” ಗಂಟಲು ಸರಿಮಾಡಿಕೊಂಡ. ಅಂಜನಪ್ಪ ಆ ಸದ್ದಿಗೆ ಒಂದು ಹೆಜ್ಜೆ ಹಿಂದೆ ಸರಿದ.

“ಏನ್ರೀ ಇದು?” ಗೋದಾ ಕೇಳಿದರು.

“ಹೇಳ್ತೀನಿ. ನೀನು ಕೂತ್ಕೋ.”

ಬೀರುವಿನ ಅಡಿಯಿಂದ ಅವನೇ ಚೀಲ ತೆಗೆದುಕೊಟ್ಟ. ಎತ್ತುವಾಗ ಗೆಜ್ಜೆ ಸಣ್ಣಗೆ ಸದ್ದು ಮಾಡಿತು. ಒಳಗೆ ಇತಿಹಾಸದ ಪುಸ್ತಕ, ಮೊದಲ ಪುಟದಲ್ಲಿ ಸುಪ್ರಜಾಳ ಹೆಸರು ಮತ್ತು ಮನೆ ವಿಳಾಸ. ಎಂಟನೇ ಪಾಠದಿಂದ ಮುಂದೆ ಸಾಲುಗಳ ಕೆಳಗೆ ದಪ್ಪ ಕಪ್ಪು ಗೆರೆಗಳು, ಸಾಲು ತಪ್ಪದಿರಲೆಂದು ಎಳೆದವು. ಸಿ.ಡಿ. ಬರೆಯುವ ಪ್ರತಿಯೊಂದು ಯಂತ್ರವೂ ಬರೆದದ್ದರ ಜೊತೆ ತನ್ನ ಗುರುತನ್ನೂ ಬಿಟ್ಟಿರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ಓದಬಹುದು ಎಂದು ದೀಪ್ತಿ ಹೇಳಿದಳು. ಕಂಪ್ಯೂಟರನ್ನೂ ಅಮಾನತುಪಡಿಸಿದರು. ಹತ್ತು ಐವತ್ತಕ್ಕೆ ಆತ್ರೇಯನ ದಸ್ತಗಿರಿಯಾಯಿತು.

ಠಾಣೆಯಲ್ಲಿ ವಿಚಾರಣೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಆವತ್ತು ಎಲ್ಲಿಗೆ ಹೋಗ್ತಿದ್ರಿ?”

“ಪ್ರೆಸ್ಸಿಗೆ. ಏಳಕ್ಕೆ ಫಾರಂ ಅಚ್ಚಿಗೆ ಹೋಗ್ಬೇಕಿತ್ತು.”

“ಆಕೆ ಕಾಣ್ಲಿಲ್ವಾ?”

“ಮಬ್ಬು ಬೆಳಕು. ನನಗೆ ಪಕ್ಕದಲ್ಲಿರೋದು ಕಾಣಲ್ಲ, ಎದುರಿಗೆ ಇರೋದು ಮಾತ್ರ. ಗಾಡಿ ಓಡಿಸಬಾರದು ಅಂತ ಡಾಕ್ಟ್ರು ಹೇಳಿದ್ರು. ಯಾರಿಗೂ ಹೇಳಿರಲಿಲ್ಲ. ಕಣ್ಣಿಲ್ಲ ಅಂದ್ರೆ ಪ್ರೂಫ್ ನೋಡೋರಿಗೆ ಏನು ಕೆಲಸ ಕೊಡ್ತಾರೆ ಸಾರ್.”

“ಗುದ್ದಿದ ಮೇಲೆ?”

“ನಾನೂ ಬಿದ್ದೆ. ಎದ್ದು ಹತ್ರ ಹೋದೆ. ಎಚ್ಚರ ಇತ್ತು ಅವರಿಗೆ. ಮಾತಾಡಿದ್ರು.”

“ಏನಂದ್ರು?”

ಆತ್ರೇಯ ಕನ್ನಡಕ ತೆಗೆದ. “ಮೊದಲು ಒಂದು ಮಾತು ಕೇಳಿದ್ರು. ಅದನ್ನ ಬರೆದುಕೊಡ್ತೀನಿ, ಬಾಯಲ್ಲಿ ಬರಲ್ಲ. ಆಮೇಲೆ ಚೀಲ ಕೊಟ್ಟು ಹಾಸ್ಟೆಲ್‌ಗೆ ತಲುಪಿಸ್ಬಿಡಿ, ಕಾಯ್ತಿರ್ತಾರೆ ಅಂದ್ರು. ಆಟೋ ತರ್ತೀನಿ ಇರಿ ಅಂತ ಹೇಳ್ದೆ. ನಿಜವಾಗ್ಲೂ ಆಟೋಗೇ ಹೋಗಿದ್ದು. ಮಕ್ಕಳ ಕೂಟದ ಸರ್ಕಲ್ ಹತ್ರ ಒಂದು ನಿಂತಿತ್ತು. ಅದರ ಪಕ್ಕದಲ್ಲೇ ಪೊಲೀಸರೊಬ್ರು ಟೀ ಕುಡೀತಿದ್ರು. ಅವರನ್ನ ನೋಡಿದ ತಕ್ಷಣ ಕಣ್ಣು ಟೆಸ್ಟ್ ಮಾಡಿಸ್ತಾರೆ ಅನ್ನೋದು ತಲೆಗೆ ಬಂತು. ಹಾಗೇ ಮುಂದೆ ಹೋಗ್ಬಿಟ್ಟೆ.”

“ಹಾಸ್ಟೆಲ್‌ಗೆ ಯಾಕೆ ಕೊಡ್ಲಿಲ್ಲ?”

“ಯಾವ ಹಾಸ್ಟೆಲ್ಲು ಅಂತ ಕೇಳ್ಲಿಲ್ಲ ನಾನು. ಕೇಳೋ ಧೈರ್ಯ ಆಮೇಲೂ ಬರ್ಲಿಲ್ಲ.”

“ಸಿ.ಡಿ. ಯಾವಾಗ ಹಾಕಿದ್ರಿ?”

“ಮನೆಗೆ ಕಂಪ್ಯೂಟರ್ ಬಂದ ಮೇಲೆ, ಫೆಬ್ರವರೀಲಿ. ನಾಳೆ ಓದ್ತೀನಿ ಅಂತಾರಲ್ಲ ಕೊನೇಲಿ. ದಿನಾ ಕೇಳ್ತಿದ್ದೆ. ಅಡುಗೆಮನೆ ಸದ್ದು, ಅವರಮ್ಮ ಕರೆಯೋದು, ಎಲ್ಲಾ ಬಾಯಿಪಾಠ ಆಗೋಯ್ತು. ಗೋದಾ ಕಾಫಿಗೆ ಕರೆದ್ರೆ ನಾನು ಆ ದನೀನೇ ಅಂದ್ಕೊಳ್ತಿದ್ದೆ. ಕಣ್ಣಿರೋದ್ರೊಳಗೆ ಮೂರು ಪಾಠ ಮುಗಿಸಿಬಿಡೋಣ ಅಂತ ಕೂತೆ. ದಿನಕ್ಕೆ ಅರ್ಧ ಪುಟ ಆದ್ರೆ ಹೆಚ್ಚು.”

“ಮುಚ್ಚಿದ್ದು ಯಾಕೆ?”

“ಅರ್ಧಕ್ಕೆ ನಿಂತಿತ್ತಲ್ಲ ಸಾರ್ ಅದು, ಇನ್ನೂ ಬರೀಬಹುದು ಅಂತ ಕಾಯ್ತಿತ್ತು. ಡಿಸ್ಕ್ ಕ್ಲೋಸ್ ಮಾಡ್ಬಿಟ್ರೆ ಆ ದನಿ ನಿಲ್ಲುತ್ತೆ ಅಂದ್ಕೊಂಡೆ.”

“ನಿಲ್ತಾ?”

“ಇಲ್ಲ.”

ಆತ ಹೇಳಿಕೆಯನ್ನು ತಾನೇ ಬರೆದ. ಭೂತಗನ್ನಡಿ ತರಿಸಿಕೊಂಡು, ಪುಟದ ಮೇಲೆ ಬಾಗಿ, ಎರಡು ಪುಟಕ್ಕೆ ಒಂದೂವರೆ ಗಂಟೆ ತೆಗೆದುಕೊಂಡ. ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಜಾಮೀನು ಕೊಡಲೇಬೇಕಾದ ಕಲಂ, ಕಾನೂನು ಇದ್ದದ್ದೇ ಹಾಗೆ. ಗೋದಾ ಅವನ ಮೊಣಕೈ ಹಿಡಿದು ನ್ಯಾಯಾಲಯದ ಮೆಟ್ಟಿಲು ಇಳಿಸಿದರು.

ಮರುದಿನ ಹನ್ನೊಂದು ಗಂಟೆಗೆ ಅಲಮೇಲು ಠಾಣೆಗೆ ಬಂದರು. ಸಿದ್ದಬಸಪ್ಪ ಎಲ್ಲವನ್ನೂ ಮೊದಲಿಂದ ಹೇಳಿದರು.

“ಜೈಲಿಗೆ ಹೋಗ್ತಾರಾ?”

“ಕೋರ್ಟು ಹೇಳಬೇಕಮ್ಮ. ಹೆಚ್ಚೆಂದ್ರೆ ಎರಡು ವರ್ಷ. ಬಿಟ್ಟು ಹೋಗಿದ್ದಕ್ಕೆ ಬೇರೆ ಕಲಂ ಹಾಕಿದೀನಿ.”

ಅಲಮೇಲು ತಲೆಯಾಡಿಸಿದರು. ಆಕೆಗೆ ಬೇಕಾಗಿದ್ದ ಉತ್ತರ ಅದಲ್ಲವೆಂದು ಕಾಣುತ್ತಿತ್ತು. “ಒಬ್ಬಳೇ ಬಿದ್ದಿದ್ದಾಗ ಏನಾದ್ರೂ ಅಂದ್ಲಾ ಅಂತ ಹದಿಮೂರು ತಿಂಗಳಿಂದ ಯೋಚಿಸ್ತಿದೀನಿ. ನನ್ನ ಕರೆದ್ಲೋ ಏನೋ ಅಂತ.”

ತನಿಖೆಯ ಕಾಗದವನ್ನು ಹೊರಗಿನವರಿಗೆ ತೋರಿಸುವಂತಿರಲಿಲ್ಲ. ಸಿದ್ದಬಸಪ್ಪ ಕಡತ ಬಿಚ್ಚಿ, ಆತ್ರೇಯನ ಹೇಳಿಕೆಯ ಮೊದಲ ಪುಟವನ್ನು ಆಕೆಯ ಕಡೆ ತಿರುಗಿಸಿಟ್ಟು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ದೊಡ್ಡ ದೊಡ್ಡ ಅಕ್ಷರ. ಪ್ರತಿ ವಿರಾಮ ಚಿಹ್ನೆಯೂ ಇರಬೇಕಾದಲ್ಲೇ ಇತ್ತು. ‘ನಾನು ಎದ್ದು ಆಕೆಯ ಹತ್ತಿರ ಹೋದೆ. ಆಕೆ ನನ್ನ ಕೈ ನೋಡಿ, “ಅಯ್ಯೋ, ನೀವೂ ಬಿದ್ರಲ್ಲ, ತುಂಬಾ ಪೆಟ್ಟಾಯ್ತಾ?” ಎಂದು ಕೇಳಿದಳು.’

ಅಲಮೇಲು ಅದನ್ನು ಎರಡು ಸಲ ಓದಿದರು. ಆಮೇಲೆ ಕಾಗದದ ಅಂಚನ್ನು ಅಂಗೈಯಿಂದ ನೇರಮಾಡಿ ಇನ್ಸ್‌ಪೆಕ್ಟರ್ ಕುರ್ಚಿಯ ಕಡೆಗೆ ಸರಿಸಿದರು.

“ಹೂಂ,” ಅಂದರು. “ಅವಳೇ.”